ಆಟಿಸಂ ಇರುವ ಸಣ್ಣ ಮಕ್ಕಳ ಅಂಜಿಕೆ: ಕಲಬುರಗಿ ಭಾಗದ ಪಾಲಕರಿಗೆ ಮಾರ್ಗದರ್ಶಿ

ಆಟಿಸಂ ಇರುವ ಮಗುವಿನ ಪಾಲಕರು ನಮ್ಮ ಭಾಗದಲ್ಲಿ ಮೊದಲು ಕೇಳುವುದು ಮಾತಿನ ಬಗ್ಗೆ. ಮಗು ಯಾವಾಗ ಮಾತನಾಡುತ್ತದೆ, ಶಾಲೆಗೆ ಯಾವಾಗ ಹಾಕಬಹುದು ಎನ್ನುವುದೇ ಅವರ ಚಿಂತೆ. ಅಂಜಿಕೆಯ ಬಗ್ಗೆ ಕೇಳುವವರು ಕಡಿಮೆ. ಆದರೆ ಮನೆಯ ಒಂದು ದಿನ ಹೇಗೆ ಕಳೆಯುತ್ತದೆ ಎಂದು ವಿಚಾರಿಸಿದರೆ ಅದೇ ಹೊರಗೆ ಬರುತ್ತದೆ. ಕುಕ್ಕರ್ ಸೀಟಿ ಹೊಡೆದರೆ ಮಂಚದ ಕೆಳಗೆ ಹೋಗಿ ಕೂಡುತ್ತಾನೆ, ಆಟೊ ಬೇರೆ ದಾರಿ ಹಿಡಿದರೆ ಚೀರುತ್ತಾಳೆ, ಕಟಿಂಗ್ ಅಂಗಡಿಯ ಬಾಗಿಲಲ್ಲೇ ಬಿದ್ದು ಉರುಳಾಡುತ್ತಾನೆ, ಮನೆಗೆ ನಾಲ್ಕು ಜನ ಬೀಗರು ಬಂದರೆ ಅಂದು ರಾತ್ರಿ ಯಾರಿಗೂ ನಿದ್ದೆಯಿಲ್ಲ.

ಇದು ಮೊಬೈಲ್ ತಂದ ರೋಗವೂ ಅಲ್ಲ, ಮುದ್ದು ಮಾಡಿ ಕೆಡಿಸಿದ್ದರ ಫಲವೂ ಅಲ್ಲ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಗಮನಿಸಿ ಬರೆದ ಪ್ರಬಂಧದಲ್ಲೇ ಇಂಥ ಅಂಜಿಕೆಗಳ ವಿವರವಿದೆ. ಲಿಫ್ಟ್, ಜೋಕಾಲಿ, ಹರಿಯುವ ನೀರು, ಕಸ ಎಳೆಯುವ ಯಂತ್ರ, ಕೊನೆಗೆ ಗಾಳಿಗೆ ಕೂಡ ಹೆದರುವ ಮಕ್ಕಳು ಅದರಲ್ಲಿ ಬರುತ್ತಾರೆ. ಎಲ್ಲವೂ ಇದ್ದಂತೆಯೇ ಇರಬೇಕೆಂದು ಆ ಮಕ್ಕಳು ಆತಂಕದಿಂದ ಹಂಬಲಿಸುವುದನ್ನೂ ಅವರು ಗುರುತಿಸಿದ್ದರು. 2011ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಒಂದು ವಿಶ್ಲೇಷಣೆಯ ಪ್ರಕಾರ, ಆಟಿಸಂ ಇರುವ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 40ರಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ಆತಂಕದ ಸಮಸ್ಯೆ ಇರುತ್ತದೆ.

ಪಾಲಕರಲ್ಲಿ ಎರಡು ಬಗೆಯವರನ್ನು ಕಾಣುತ್ತೇನೆ. ಕೆಲವರು "ರೂಢಿಯಾಗುತ್ತದೆ ಬಿಡಿ" ಎಂದು ಮಗುವನ್ನು ಎಲ್ಲದರೊಳಗೂ ದೂಡುತ್ತಾರೆ. ಕೆಲವರು ಅಳು ನೋಡಲಾಗದೆ ಒಂದೊಂದನ್ನೇ ಬಿಡುತ್ತ ಹೋಗುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಮಗುವಿನ ಪ್ರಪಂಚ ಒಂದು ಕೋಣೆಗೆ ಇಳಿದಿರುತ್ತದೆ. ಒಂದೇ ಮನೆಯಲ್ಲಿ ಅಪ್ಪ ಮೊದಲ ಬಗೆ, ಅವ್ವ ಎರಡನೆಯ ಬಗೆ ಆಗಿ, ನಡುವೆ ಜಗಳವಾಗುವುದೂ ಉಂಟು. ನಿಜವಾಗಿ ಇಬ್ಬರೂ ಅರ್ಧ ಸರಿ. ಯಾವುದನ್ನು ಮಗುವಿನ ದಾರಿಯಿಂದ ತೆಗೆಯಬೇಕು, ಯಾವುದಕ್ಕೆ ಮೆಲ್ಲಗೆ ರೂಢಿ ಮಾಡಿಸಬೇಕು ಎಂದು ಬೇರ್ಪಡಿಸುವುದೇ ಇಲ್ಲಿಯ ಮುಖ್ಯ ಕೆಲಸ. ಮುಂದಿನ ಹೆಜ್ಜೆಗಳು ಸುಮಾರು ಮೂರರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮಾತು ಬಂದಿರಲಿ, ಬಾರದಿರಲಿ, ಹೆಚ್ಚಿನವು ಅನ್ವಯಿಸುತ್ತವೆ.

ಹೆಜ್ಜೆ 1: ಮೊದಲು ದೇಹ ನೋಡಿ

ಹೋದ ವಾರದವರೆಗೆ ಇಲ್ಲದ ಗಾಬರಿ ಈ ವಾರ ಶುರುವಾಗಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ. ಮಲಬದ್ಧತೆ, ಹಲ್ಲುನೋವು, ಕಿವಿಯ ಸೋಂಕು, ಜಂತುಹುಳು, ನಿದ್ದೆಗೇಡು ಇವೆಲ್ಲ ಹೇಳಿಕೊಳ್ಳಲಾಗದ ಮಗುವಿನಲ್ಲಿ ಚೀರಾಟವಾಗಿ ಹೊರಬರುತ್ತವೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ತಮ್ಮ ದೇಹದ ಒಳಗಿನ ಸೂಚನೆಗಳೇ ಸ್ಪಷ್ಟವಾಗಿ ತಿಳಿಯುವುದಿಲ್ಲ. ಹಸಿವೋ, ನೀರಡಿಕೆಯೋ, ಮೂತ್ರಕ್ಕೆ ಅವಸರವೋ ಅವರಿಗೆ ಗೊತ್ತಾಗದು. ಒಳಗೇನೋ ಸರಿಯಿಲ್ಲ ಎಂಬ ತಳಮಳ ಮಾತ್ರ ಇರುತ್ತದೆ. ಪಾದರಸ 42 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇದನ್ನು ಮರೆಯಬಾರದು. ಮಗು ಕೇಳಲಿ ಎಂದು ಕಾಯದೆ ಗಂಟೆಗೊಮ್ಮೆ ನೀರು ಅಥವಾ ಮಜ್ಜಿಗೆ ಕೊಡಿ.

ಹೆಜ್ಜೆ 2: ಎರಡು ವಾರ ಬರೆದಿಡಿ

ಅಂಜಿಕೆ ಯಾವಾಗಲೂ ಅಳುವಾಗಿ ಕಾಣುವುದಿಲ್ಲ. ಕೈ ಬಡಿಯುವುದು, ಸುತ್ತು ತಿರುಗುವುದು ಒಮ್ಮೆಲೇ ಹೆಚ್ಚಾಗಬಹುದು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಬಹುದು. ಊಟ ಎರಡೇ ಪದಾರ್ಥಕ್ಕೆ ಇಳಿಯಬಹುದು. ಮಗು ಅವ್ವನ ಸೀರೆ ಬಿಡದೆ ಹಿಂದೆಯೇ ಸುತ್ತಬಹುದು, ಕಾರಣವಿಲ್ಲದೆ ನಕ್ಕಂತೆ ಕಾಣಬಹುದು, ಹೊಡೆಯಬಹುದು, ಎದ್ದು ಓಡಬಹುದು. ಕೆಲವು ಮಕ್ಕಳು ಸುಮ್ಮನೆ ಮರಗಟ್ಟಿ ಕೂಡುತ್ತಾರೆ. ಇಂಥವರನ್ನು "ಶಾಣ್ಯಾ ಆಗಿ ಕೂತಿದ್ದಾನೆ" ಎಂದು ಹೊಗಳುವವರೇ ಹೆಚ್ಚು.

ಒಂದು ಸಣ್ಣ ನೋಟ್‌ಬುಕ್ ಸಾಕು. ಪ್ರತಿ ಸಲ ಮೂರು ಸಂಗತಿ ಬರೆಯಿರಿ: ಸ್ವಲ್ಪ ಮೊದಲು ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ನೀವು ಏನು ಮಾಡಿದಿರಿ. ಹೊತ್ತು ಮತ್ತು ಜಾಗವನ್ನೂ ಬರೆಯಿರಿ. "ಸುಮ್ಮಸುಮ್ಮನೆ ಅಳುತ್ತಾಳೆ" ಎನ್ನುತ್ತಿದ್ದ ಮನೆಯವರಿಗೆ ಎರಡು ವಾರದಲ್ಲಿ ಅದು ಸುಮ್ಮಸುಮ್ಮನೆ ಅಲ್ಲವೆಂದು ಗೊತ್ತಾಗುತ್ತದೆ: ಸಂಜೆ ಆರರ ಹೊತ್ತಿಗೆ ಪಕ್ಕದ ಮನೆಯ ಬೋರ್ ಮೋಟಾರು ಶುರುವಾಗುತ್ತದೆ, ಅಥವಾ ಅಳು ಬರುವುದು ಭಾನುವಾರ ಮಾತ್ರ. ಮುಂದೆ ವೈದ್ಯರಿಗೆ ತೋರಿಸುವಾಗಲೂ ಈ ನೋಟ್‌ಬುಕ್ಕಿನಷ್ಟು ಉಪಯೋಗದ ಕಾಗದ ಬೇರೊಂದಿಲ್ಲ.

ಹೆಜ್ಜೆ 3: ನೋವೋ, ಹೆದರಿಕೆಯೋ, ತಿಳಿಯದ ಗೊಂದಲವೋ

ನೋಟ್‌ಬುಕ್ಕಿನ ಪ್ರತಿ ಘಟನೆಯ ಮುಂದೆ ಈ ಮೂರರಲ್ಲಿ ಒಂದನ್ನು ಬರೆಯಿರಿ.

ನೋವು ಎಂದರೆ ಇಂದ್ರಿಯಕ್ಕೆ ನಿಜವಾಗಿಯೂ ತಡೆಯಲಾಗದ್ದು. ಮಿಕ್ಸರಿನ ಸದ್ದು ನಮಗೆ ಕಿರಿಕಿರಿ, ಈ ಮಗುವಿಗೆ ಅದು ಪೆಟ್ಟು. ಯಾರು ಮಿಕ್ಸರ್ ಹಾಕಿದರೂ, ಯಾವ ಮನೆಯಲ್ಲಿ ಹಾಕಿದರೂ ಕೈ ಕಿವಿಗೆ ಹೋಗುತ್ತದೆ. ಸದ್ದು ನಿಂತರೆ ಮಗುವೂ ಬಹಳ ಹೊತ್ತಾಗದೆ ಸುಧಾರಿಸಿಕೊಳ್ಳುತ್ತದೆ.

ಹೆದರಿಕೆ ವಸ್ತುವಿಗಿಂತ ಮೊದಲೇ ಬರುತ್ತದೆ. ಕಟಿಂಗ್ ಅಂಗಡಿ ಇರುವ ಓಣಿಗೆ ತಿರುಗಿದೊಡನೆ, ಆಸ್ಪತ್ರೆಯ ಫೈಲು ಕೈಗೆ ತೆಗೆದುಕೊಂಡೊಡನೆ ಶುರುವಾದರೆ ಅದು ಹೆದರಿಕೆ.

ಗೊಂದಲದ ಗುರುತು ಬೇರೆ. ಅದು ಸಂತೋಷದ ದಿನಗಳಲ್ಲೂ ಬರುತ್ತದೆ. ರಜೆ, ಹಬ್ಬ, ಬೀಗರು, ಅಪ್ಪ ಬೇಗ ಮನೆಗೆ ಬಂದದ್ದು, ದಿನಾ ಕೂಡುವ ಕುರ್ಚಿಯಲ್ಲಿ ಕಾಕಾ ಕುಳಿತದ್ದು. ಮುಂದೇನು ಎಂದು ತಿಳಿಯದಿರುವುದನ್ನು ಈ ಮಕ್ಕಳು ತಾಳಲಾರರು. ಅಂಜಿಕೆಯ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ ಎನ್ನುವುದು ನನ್ನ ಅನುಭವ.

ಮೂರೂ ಕಲಸಿಕೊಂಡಿರುವುದೂ ಉಂಟು. ಜವಳ ತೆಗೆಸುವ ದಿನವನ್ನೇ ನೋಡಿ. ಗುಡಿಯಲ್ಲಿ ಜನ, ನಾಲ್ಕು ಜನ ಹಿಡಿದುಕೊಂಡ ತಲೆ, ತಣ್ಣನೆಯ ನೀರು, ಕತ್ತಿ. ಅಂದು ನೋವಾದದ್ದು ಆಮೇಲೆ ವರ್ಷಗಟ್ಟಲೆ ಹೆದರಿಕೆಯಾಗಿ ಉಳಿಯುತ್ತದೆ.

ಮೂರಕ್ಕೆ ಮೂರು ಉಪಾಯ. ನೋವನ್ನು ಕಡಿಮೆ ಮಾಡಬೇಕು, ಗೊಂದಲವನ್ನು ಮೊದಲೇ ತಿಳಿಸಿ ಕಳೆಯಬೇಕು, ಹೆದರಿಕೆಗೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ರೂಢಿ ಮಾಡಿಸಬೇಕು. ನೋವಿಗೆ ರೂಢಿ ಮಾಡಿಸಲು ಹೊರಟರೆ ಹೆದರಿಕೆ ಹುಟ್ಟುತ್ತದೆ. ಹೆದರಿಕೆಯಿಂದ ಸದಾ ತಪ್ಪಿಸಿದರೆ ಅದು ಬೆಳೆಯುತ್ತದೆ.

ಇನ್ನೊಂದು ಮಾತು. ಎಲ್ಲ ಅಂಜಿಕೆಯನ್ನೂ ಗೆಲ್ಲಬೇಕಾಗಿಲ್ಲ. ಹಿಟ್ಟಿನ ಗಿರಣಿಗೆ ಮಗು ಬಾರದಿದ್ದರೆ ಏನೂ ಕೆಡುವುದಿಲ್ಲ, ಜೋಳದ ಡಬ್ಬಿ ಬೇರೆಯವರು ಒಯ್ಯಲಿ. ಬಸ್ಸು, ಶೌಚಾಲಯ, ವೈದ್ಯರು, ತರಗತಿ ಇವನ್ನು ಬಿಡಲಾಗದು. ನಿಮ್ಮ ಶಕ್ತಿಯನ್ನು ಅವುಗಳಿಗೆ ಉಳಿಸಿಕೊಳ್ಳಿ.

ಹೆಜ್ಜೆ 4: ದಿನ ಕಣ್ಣಿಗೆ ಕಾಣಲಿ

ಹೇಳಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ. ಆತಂಕದಲ್ಲಿರುವಾಗ ಮಾತು ತಲೆಗೆ ಹೋಗುವುದು ಇನ್ನೂ ಕಷ್ಟ. ಆದ್ದರಿಂದ ದಿನದ ಕೆಲಸಗಳನ್ನು ಚಿತ್ರವಾಗಿಸಿ. ದುಬಾರಿ ಕಿಟ್ ಬೇಕಿಲ್ಲ. ನಿಮ್ಮದೇ ಮನೆಯ ಹಲ್ಲುಜ್ಜುವ ಬ್ರಷ್, ಊಟದ ತಾಟು, ಶಾಲೆಯ ಗೇಟು, ಆಟೊ, ಹಾಸಿಗೆ ಇವುಗಳ ಫೋಟೊ ಮೊಬೈಲಿನಲ್ಲಿ ತೆಗೆದು, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ರಟ್ಟಿಗೆ ಅಂಟಿಸಿ. ಗೋಡೆಗೆ ಒಂದು ಹುರಿ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅವನ್ನು ಸಾಲಾಗಿ ಸಿಕ್ಕಿಸಿ. ಮುಗಿದ ಕೆಲಸದ ಕಾರ್ಡನ್ನು ಮಗುವೇ ತೆಗೆದು ಡಬ್ಬಿಗೆ ಹಾಕಲಿ.

ಮೂರು ವರ್ಷದ ಮಗುವಿಗೆ ಇಡೀ ದಿನದ ಸಾಲು ಹೆಚ್ಚಾಗುತ್ತದೆ. ಎರಡೇ ಕಾರ್ಡಿನಿಂದ ಆರಂಭಿಸಿ: ಮೊದಲು ಸ್ನಾನ, ಆಮೇಲೆ ಜೋಕಾಲಿ. ಫೋಟೊ ಅರ್ಥವಾಗದ ಮಗುವಿಗೆ ವಸ್ತುವನ್ನೇ ಕೈಗೆ ಕೊಡಿ. ಟವೆಲ್ ಕೊಟ್ಟರೆ ಸ್ನಾನ, ಚೀಲ ಕೊಟ್ಟರೆ ಅಂಗನವಾಡಿ. "ಇನ್ನು ಐದು ನಿಮಿಷ" ಎನ್ನುವುದು ಈ ವಯಸ್ಸಿಗೆ ಅರ್ಥವಾಗುವ ಮಾತಲ್ಲ. ಮರಳು ಗಡಿಯಾರ ಇಡಿ, ಅಥವಾ "ಇನ್ನು ಮೂರು ಸಲ ತೂಗುತ್ತೇನೆ, ಆಮೇಲೆ ಇಳಿಯುವುದು" ಎಂದು ಹೇಳಿ ಎಣಿಸಿ.

ಸಾಲು ರೂಢಿಯಾದ ಮೇಲೆ ಅದರಲ್ಲಿ ಬದಲಾವಣೆಯ ಕಾರ್ಡ್ ಒಂದನ್ನು ಸೇರಿಸಿ. ಬೇರೆ ಬಣ್ಣದ್ದಾಗಿರಲಿ. ಮೊದಮೊದಲು ಅದನ್ನು ಸಿಹಿ ಸುದ್ದಿಗೆ ಮಾತ್ರ ಬಳಸಿ: ಇಂದು ಬಾಳೆಹಣ್ಣಿನ ಬದಲು ಮಾವಿನಹಣ್ಣು, ಇಂದು ಅಂಗಳದ ಬದಲು ಮಾಳಿಗೆ. ಬದಲಾವಣೆ ಎಂದರೆ ಯಾವಾಗಲೂ ಕೆಟ್ಟದ್ದಲ್ಲ ಎಂದು ತಿಳಿದ ಮೇಲೆ, ಆಟೊ ಬಾರದ ದಿನಕ್ಕೂ ಅದೇ ಕಾರ್ಡ್ ಕೆಲಸಕ್ಕೆ ಬರುತ್ತದೆ.

ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳು ಇಂಥ ಮಕ್ಕಳಿಗೆ ಎರಡು ಪಟ್ಟು ಕಷ್ಟ. ಬಿಸಿಲಿನ ಕಾರಣಕ್ಕೆ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಆಗುತ್ತದೆ, ಶಾಲೆಗೆ ರಜೆ ಬರುತ್ತದೆ, ಅಪ್ಪ ಊಟದ ಹೊತ್ತಿಗೆ ಮನೆಯಲ್ಲಿರುತ್ತಾರೆ, ಊರಿಂದ ಮಕ್ಕಳು ಬರುತ್ತಾರೆ. ಮನೆಯವರಿಗೆ ಖುಷಿ, ಈ ಮಗುವಿಗೆ ನೆಲವೇ ಸರಿದಂತೆ. ಮಾರ್ಚ್ ಕೊನೆಯ ವಾರದಲ್ಲೇ ಹೊಸ ಸಾಲನ್ನು ತೋರಿಸಲು ಆರಂಭಿಸಿ. ರಜೆಯಲ್ಲೂ ಏಳುವ, ಉಣ್ಣುವ, ಮಲಗುವ ಹೊತ್ತು ಬದಲಾಗದಿರಲಿ. ತೊಗರಿ ರಾಶಿ ಮುಗಿಸಿ ದುಡಿಯಲು ಬೆಂಗಳೂರಿಗೋ ಪುಣೆಗೋ ಹೋಗಿ, ಮಗುವನ್ನು ಅಜ್ಜಿಯ ಹತ್ತಿರ ಬಿಡುವ ಮನೆಗಳೂ ನಮ್ಮಲ್ಲಿ ಇವೆ. ಹೋಗುವ ಮೊದಲೇ ಅಜ್ಜಿಯ ಮನೆಯಲ್ಲಿ ಇದೇ ಹುರಿ, ಇದೇ ಕಾರ್ಡುಗಳನ್ನು ಕಟ್ಟಿ. ದಿನಾ ಒಂದೇ ಹೊತ್ತಿಗೆ ವಿಡಿಯೊ ಕರೆ ಮಾಡಿ. ಹೊತ್ತು ತಪ್ಪಿದ ಕರೆಗಿಂತ, ಕರೆ ಇಲ್ಲದ ದಿನವನ್ನು ಮೊದಲೇ ಚಿತ್ರದಲ್ಲಿ ತೋರಿಸುವುದು ಒಳ್ಳೆಯದು.

ಕರೆಂಟ್ ಹೋಗುವುದು ಮತ್ತೊಂದು. ರಾತ್ರಿ ಕೂಲರಿನ ಸದ್ದು ಫಕ್ಕನೆ ನಿಂತು, ಕತ್ತಲೆಯೂ ಸೆಕೆಯೂ ಒಟ್ಟಿಗೆ ಬರುತ್ತವೆ. ಅದಕ್ಕೊಂದು ಪ್ರತ್ಯೇಕ ಸಾಲು ಮಾಡಿ: ಕರೆಂಟ್ ಹೋಯಿತು, ಟಾರ್ಚ್ ಹಚ್ಚು, ಬೀಸಣಿಗೆ, ಅವ್ವನ ಪಕ್ಕ, ಕರೆಂಟ್ ಬಂತು. ಟಾರ್ಚ್ ಸದಾ ಒಂದೇ ಜಾಗದಲ್ಲಿರಲಿ, ಅದನ್ನು ಹಚ್ಚುವ ಕೆಲಸ ಮಗುವಿನದೇ ಆಗಲಿ. ಹಗಲಲ್ಲಿ, ಮಗುವಿಗೆ ಹೇಳಿ, ಮೇನ್ ಸ್ವಿಚ್ ಆರಿಸಿ ಒಂದು ನಿಮಿಷ ಇದನ್ನು ಆಟದಂತೆ ಮಾಡಿ. "ಈಗ ಬರುತ್ತದೆ, ಈಗ ಬರುತ್ತದೆ" ಎನ್ನಬೇಡಿ. ಬಾರದಿದ್ದರೆ ನೀವೇ ಸುಳ್ಳುಗಾರರಾಗುತ್ತೀರಿ. "ಯಾವಾಗ ಬರುತ್ತದೆಯೋ ಗೊತ್ತಿಲ್ಲ. ಬರುವವರೆಗೆ ಬೀಸಣಿಗೆ ಬೀಸೋಣ" ಎನ್ನಿ.

ಸುಳ್ಳಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಐಸ್‌ಕ್ರೀಮ್ ಕೊಡಿಸುತ್ತೇನೆಂದು ಕರೆದೊಯ್ದು ಸೂಜಿ ಹಾಕಿಸುವುದು ನಮ್ಮಲ್ಲಿ ಮಾಮೂಲು. ಈ ಮಕ್ಕಳ ಮಟ್ಟಿಗೆ ಅದು ಬಹಳ ದುಬಾರಿ. ಮರುದಿನದಿಂದ ಐಸ್‌ಕ್ರೀಮ್ ಅಂಗಡಿಯೂ ಹೆದರಿಕೆಯ ಪಟ್ಟಿಗೆ ಸೇರುತ್ತದೆ. "ಉಣ್ಣದಿದ್ದರೆ ಡಾಕ್ಟರ್ ಸೂಜಿ ಹಾಕುತ್ತಾರೆ", "ಪೊಲೀಸ್ ಬರುತ್ತಾನೆ" ಎಂಬ ಬೆದರಿಕೆಗಳನ್ನು ಮನೆಯ ಹಿರಿಯರೂ ಸೇರಿ ಎಲ್ಲರೂ ಬಿಡಬೇಕು. ಆಟಿಸಂ ಇರುವ ಮಗು ಅದನ್ನು ಬೆದರಿಕೆ ಎಂದು ತಿಳಿಯುವುದಿಲ್ಲ, ನಡೆಯಲಿರುವ ಸಂಗತಿ ಎಂದೇ ನಂಬುತ್ತದೆ.

"ಅಪ್ಪ ಯಾವಾಗ ಬರುತ್ತಾರೆ?" ಎಂದು ಮತ್ತೆ ಮತ್ತೆ ಕೇಳುವ ಮಗುವಿಗೆ ಒಂದು ಸಲ ಉತ್ತರಿಸಿ, ಎರಡನೆಯ ಸಲ ಬಾಯಿಂದ ಹೇಳದೆ ಗೋಡೆಯ ಕಾರ್ಡ್ ತೋರಿಸಿ. ಪ್ರತಿ ಸಲ ಸಮಾಧಾನ ಹೇಳುತ್ತ ಹೋದರೆ ಮಗು ಸಮಾಧಾನಕ್ಕೆ ನಿಮ್ಮನ್ನೇ ಅವಲಂಬಿಸುತ್ತದೆ, ಪ್ರಶ್ನೆ ನಿಲ್ಲುವುದಿಲ್ಲ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಟಿವಿಯಲ್ಲಿ ಹಿಂದಿ ಇರುವ ಊರು ನಮ್ಮದು. ಅದಕ್ಕಾಗಿ ಮನೆಮಾತನ್ನು ಬಿಡಬೇಕಿಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಹೆಚ್ಚುವುದಿಲ್ಲ. ಒಂದು ಕಾರ್ಡಿಗೆ ಮನೆಯವರೆಲ್ಲ ಒಂದೇ ಪದ ಬಳಸಿದರೆ ಸಾಕು.

ಹೆಜ್ಜೆ 5: "ಸಾಕು" ಎಂದು ಹೇಳುವ ದಾರಿ ಕೊಡಿ

ಮಾತಿಲ್ಲದ ಮಗುವಿಗೆ ಚೀರುವುದೊಂದೇ "ಸಾಕು" ಎನ್ನುವ ದಾರಿ. ಅದಕ್ಕಿಂತ ಸುಲಭದ ದಾರಿ ಕಲಿಸಿ: ಒಂದು ಕೆಂಪು ಕಾರ್ಡ್, ಅಥವಾ ಅಂಗೈ ಮುಂದೆ ಚಾಚುವ ಸನ್ನೆ. ಕಲಿಸುವುದು ಶಾಂತವಾಗಿರುವಾಗ. ಮಗುವಿಗೆ ಅಷ್ಟೇನೂ ಇಷ್ಟವಿಲ್ಲದ ಸಣ್ಣ ಕೆಲಸವೊಂದರ ನಡುವೆ ಕೈ ಹಿಡಿದು ಕಾರ್ಡ್ ಕೊಡಿಸಿ, ಕೊಟ್ಟ ಕ್ಷಣವೇ ಕೆಲಸ ನಿಲ್ಲಿಸಿ. ಮೊದಲ ಕೆಲವು ವಾರ ಕಾರ್ಡ್ ಬಂದಾಗಲೆಲ್ಲ ನಿಲ್ಲಿಸಲೇಬೇಕು. "ಹೀಗೆ ಮಾಡಿದರೆ ಎಲ್ಲದಕ್ಕೂ ಕಾರ್ಡ್ ತೋರಿಸುತ್ತಾನೆ" ಎಂಬ ಆಕ್ಷೇಪ ಬರುತ್ತದೆ. ಕೆಲವು ದಿನ ತೋರಿಸುತ್ತಾನೆ, ನಿಜ. ನಿಲ್ಲಿಸುವ ಅಧಿಕಾರ ತನಗಿದೆ ಎಂದು ನಂಬಿಕೆ ಬಂದ ಮಗುವೇ ಆಮೇಲೆ ಸ್ವಲ್ಪ ಹೆಚ್ಚು ಹೊತ್ತು ತಾಳಿಕೊಳ್ಳುವುದು. ಆಗ "ಇನ್ನು ಎರಡು ಎಣಿಕೆ, ಆಮೇಲೆ ಸಾಕು" ಎಂದು ಮೆಲ್ಲಗೆ ಹಿಗ್ಗಿಸಬಹುದು.

ಹೆಜ್ಜೆ 6: ನೋಯಿಸುವುದನ್ನು ಕಡಿಮೆ ಮಾಡಿ

ಮಿಕ್ಸರ್ ಹಾಕುವ ಮೊದಲು ಹೇಳಿ, ಮಗುವನ್ನು ಬೇರೆ ಕೋಣೆಗೆ ಕಳಿಸಿ, ಮಿಕ್ಸರಿನ ಅಡಿಗೆ ಮಡಿಸಿದ ಬಟ್ಟೆ ಹಾಸಿ. ಗಾಳಿ ಬರುವ ರಂಧ್ರ ಮುಚ್ಚದಿರಲಿ. ಅಂಗಿಯ ಹಿಂಬದಿಯ ಲೇಬಲ್ ಕತ್ತರಿಸಿ. ಮಿಣುಕುವ ಟ್ಯೂಬ್‌ಲೈಟ್ ಬದಲಿಸಿ.

ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಕಾರ್ಮಿಕರು ಹಾಕಿಕೊಳ್ಳುವಂಥ ಕಿವಿ ಮುಚ್ಚುವ ಇಯರ್‌ಮಫ್ ಮಕ್ಕಳ ಅಳತೆಯಲ್ಲೂ ಸಿಗುತ್ತದೆ. ಹತ್ತಿ ತುರುಕುವುದಕ್ಕಿಂತ ಅದು ಮೇಲು. ಸದ್ದು ಇರುವಷ್ಟು ಹೊತ್ತು ಮಾತ್ರ ಹಾಕಿ. ದಿನವಿಡೀ ಹಾಕಿದರೆ ಸಣ್ಣ ಸದ್ದೂ ದೊಡ್ಡದಾಗಿ ಕೇಳತೊಡಗಬಹುದು.

ಮನೆಯಲ್ಲೊಂದು ಶಾಂತ ಮೂಲೆ ಇರಲಿ. ಮೈಮೇಲೆ ಭಾರ ಇಷ್ಟಪಡುವ ಮಗುವಿಗೆ ನಮ್ಮ ಕೌದಿಯೇ ಸಾಕು. ಸಾವಿರಾರು ರೂಪಾಯಿಯ ತೂಕದ ಹೊದಿಕೆ ತರಿಸಬೇಕಿಲ್ಲ. ಮುಖ ಮುಚ್ಚಬಾರದು, ಬೇಡವಾದಾಗ ಮಗು ತಾನೇ ಸರಿಸುವಂತಿರಬೇಕು, ಬೇಸಿಗೆಯಲ್ಲಿ ಬೇಡವೇ ಬೇಡ. ಬೇಸಿಗೆಗೆ ಶಹಾಬಾದಿ ಕಲ್ಲಿನ ತಣ್ಣನೆಯ ನೆಲ, ಸೀರೆಯ ಜೋಕಾಲಿ, ನೀರಿನ ಬುಟ್ಟಿ ಒಳ್ಳೆಯವು. ನೀರಿನ ಹತ್ತಿರ ಮಾತ್ರ ಕಣ್ಣು ತೆಗೆಯಬಾರದು. ಗಾಬರಿಯಾದಾಗ ಹೊರಗೆ ಓಡುವ ಅಭ್ಯಾಸವಿರುವ ಮಕ್ಕಳಿಗೆ ತೆರೆದ ಬಾವಿ, ಕೃಷಿ ಹೊಂಡ, ಕೆರೆ ದೊಡ್ಡ ಅಪಾಯ. ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿ. ಅಂಗಿಯ ಒಳಬದಿಗೆ ನಿಮ್ಮ ಫೋನ್ ಸಂಖ್ಯೆ ಹೊಲಿಸಿ.

ಹೆಜ್ಜೆ 7: ಹೆದರಿಕೆಗೆ ಮೆಟ್ಟಿಲು

ಕಟಿಂಗ್ ಉದಾಹರಣೆಯನ್ನೇ ಪೂರ್ತಿ ನೋಡೋಣ. ಒಂದು ಮೆಟ್ಟಿಲು ಆರಾಮಾದ ಮೇಲೆಯೇ ಮುಂದಿನದು. ಒಂದೊಂದಕ್ಕೆ ದಿನಗಳು ಬೇಕಾಗಬಹುದು, ಕೆಲವಕ್ಕೆ ವಾರಗಳು.

ಮನೆಯಲ್ಲಿ ಬಾಚಣಿಗೆ ಮತ್ತು ಮಕ್ಕಳ ಕತ್ತರಿ ಆಟದ ಸಾಮಾನುಗಳ ನಡುವೆ ಬಿದ್ದಿರಲಿ. ಗೊಂಬೆಗೆ, ಆಮೇಲೆ ಅಪ್ಪನಿಗೆ ಸುಳ್ಳು ಕಟಿಂಗ್ ಮಾಡಿ. ಮಗುವಿನ ಹೆಗಲಿಗೆ ಟವೆಲ್ ಹಾಕಿ, ಐದು ಎಣಿಸಿ ತೆಗೆಯಿರಿ. ಕತ್ತರಿಯನ್ನು ಕೂದಲಿಗೆ ತಾಗಿಸದೆ ಕಿವಿಯ ಹತ್ತಿರ ಎರಡು ಸಲ ಸದ್ದು ಮಾಡಿ. ಟ್ರಿಮ್ಮರ್ ಸದ್ದು ನೋವು ಕೊಡುವಂತಿದ್ದರೆ ಅದನ್ನು ಈ ಮೆಟ್ಟಿಲುಗಳಿಂದಲೇ ಬಿಡಿ, ಕತ್ತರಿಯಲ್ಲೇ ಮುಗಿಸಿ. ನೋವನ್ನೂ ಹೆದರಿಕೆಯನ್ನೂ ಮೊದಲೇ ಬೇರ್ಪಡಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಅಂಗಡಿ. ಮೊದಲ ದಿನ ಅಂಗಡಿಯ ಮುಂದೆ ಹಾದು ಬರುವುದಷ್ಟೇ. ಇನ್ನೊಂದು ದಿನ ಬಾಗಿಲಲ್ಲಿ ನಿಂತು ಕಟಿಂಗ್ ಮಾಡುವವರಿಗೆ ಕೈ ಬೀಸುವುದು. ಅವರ ಜೊತೆ ನೀವು ಮೊದಲೇ ಮಾತನಾಡಿರಬೇಕು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಕೇಳಿಕೊಳ್ಳಿ, ಟಿವಿ ಆರಿಸಲು ಹೇಳಿ. ಮತ್ತೊಂದು ದಿನ ಕುರ್ಚಿಯಲ್ಲಿ ಕುಳಿತು ಇಳಿದು ಬರುವುದು. ಆಮೇಲೆ ಟವೆಲ್. ಆಮೇಲೆ ಕತ್ತರಿಯ ಎರಡೇ ಏಟು. ಪೂರ್ತಿ ಕಟಿಂಗ್ ಬಾಕಿ ಉಳಿದರೆ ಉಳಿಯಲಿ, ಅರ್ಧ ಕತ್ತರಿಸಿದ ತಲೆ ನೋಡಿ ಓಣಿಯವರು ನಕ್ಕರೆ ನಗಲಿ.

ಪ್ರತಿ ಮೆಟ್ಟಿಲಿನಲ್ಲಿ ಮೂರು ನಿಯಮ. ಮೊದಲು–ಆಮೇಲೆ ಕಾರ್ಡ್ ಜೊತೆಗಿರಬೇಕು. "ಸಾಕು" ಎಂದರೆ ನಿಲ್ಲಬೇಕು. ಆದರೆ ನಿಂತಾಗ ಓಡಿ ಮನೆಗೆ ಬರಬಾರದು. ಆರಾಮಿದ್ದ ಹಿಂದಿನ ಮೆಟ್ಟಿಲಿಗೆ ಇಳಿದು, ಅಲ್ಲಿ ಸ್ವಲ್ಪ ಹೊತ್ತು ಇದ್ದು, ಒಳ್ಳೆಯ ಮನಸ್ಸಿನಲ್ಲಿ ಮುಗಿಸಬೇಕು. ಮುಗಿಸಿದ ಮೇಲೆ ಮಗುವಿಗೆ ನಿಜವಾಗಿ ಇಷ್ಟವಾದದ್ದನ್ನು ಕೊಡಿ. ಅದು ಚಾಕೊಲೇಟೇ ಆಗಬೇಕಿಲ್ಲ. ಹತ್ತು ನಿಮಿಷ ರೈಲು ನೋಡುವುದು ಆಗಿದ್ದರೆ ಸ್ಟೇಷನ್ನಿಗೆ ಹೋಗಿ.

ತಡೆಯಲಾಗದೆ ಹೋದಾಗ

ಇಷ್ಟೆಲ್ಲ ಮಾಡಿದರೂ ಮಗು ಒಮ್ಮೊಮ್ಮೆ ಪೂರ್ತಿ ಕೈತಪ್ಪುತ್ತದೆ. ಬೇಕಾದ್ದು ಸಿಕ್ಕೊಡನೆ ನಿಲ್ಲುವುದು ಹಠ. ಬೇಕಾದ್ದು ಕೊಟ್ಟರೂ ನಿಲ್ಲದಿರುವುದು ಇದು. ಆ ಹೊತ್ತಿನಲ್ಲಿ ಯಾವ ಪಾಠವೂ ಕಲಿಸಲಾಗದು.

ಮಾತು ನಿಲ್ಲಿಸಿ. ಒಬ್ಬರೇ ಹತ್ತಿರ ಇರಿ, ಉಳಿದವರನ್ನು ದೂರ ಕಳಿಸಿ. ಲೈಟು, ಟಿವಿ ಆರಿಸಿ. ತಲೆ ಬಡಿದುಕೊಳ್ಳುತ್ತಿದ್ದರೆ ಗೋಡೆಗೂ ತಲೆಗೂ ನಡುವೆ ದಿಂಬು ಇಡಿ. ಮುಟ್ಟುವುದು ಇಷ್ಟಪಡದ ಮಗುವನ್ನು ಅಪ್ಪಿಕೊಳ್ಳಲು ಹೋಗಬೇಡಿ. "ಕಣ್ಣಲ್ಲಿ ಕಣ್ಣಿಟ್ಟು ನೋಡು" ಎನ್ನಬೇಡಿ. ಹೊಡೆಯುವುದರಿಂದ ಮಗು ಸುಮ್ಮನಾಗಬಹುದು, ಆದರೆ ಒಳಗೆ ಅಂಜಿಕೆ ಹೆಚ್ಚಾಗಿರುತ್ತದೆ. ತಣ್ಣಗಾದ ಮೇಲೆ ನೀರು ಕೊಟ್ಟು ವಿಶ್ರಾಂತಿ ಕೊಡಿ, ವಿಚಾರಣೆ ಬೇಡ.

ಜಾತ್ರೆ, ಉರುಸು, ಮದುವೆ

ಹೋಳಿಯ ಬಳಿಕ ಬರುವ ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ದರ್ಗಾದ ಉರುಸು, ಮದುವೆಯ ಮೆರವಣಿಗೆಯ ಡಾಲ್ಬಿ. ಇವುಗಳಿಂದ ಮಗುವನ್ನು ಪೂರ್ತಿ ದೂರ ಇಡುವುದೂ ಬೇಡ, ತೇರಿನ ಮುಂದೆ ನಿಲ್ಲಿಸುವುದೂ ಬೇಡ. ಜನ ಸೇರುವ ಮೊದಲಿನ ದಿನ ಬೆಳಿಗ್ಗೆ ಗುಡಿಗೆ ಹೋಗಿ ಬನ್ನಿ. ತೇರಿನ ದಿನ ಹೋಗಲೇಬೇಕೆಂದರೆ ಅಂಚಿನಲ್ಲಿ ನಿಲ್ಲಿ, ಹೊರಗೆ ಹೋಗುವ ದಾರಿ ಮೊದಲೇ ನೋಡಿಟ್ಟುಕೊಳ್ಳಿ, ನಿಮ್ಮದೇ ಗಾಡಿ ಇರಲಿ. ಮದುವೆಯಲ್ಲಿ ಒಂದು ಕೋಣೆ ಕೇಳಿ ಇಟ್ಟುಕೊಳ್ಳಿ. ಅಕ್ಕಿಕಾಳಿನ ಹೊತ್ತಿಗೆ ಮಗು ಅಲ್ಲಿರಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಹಿರಿಯರ ವಿಷಯ ಸೂಕ್ಷ್ಮ. ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು ಅವರ ಸಮಾಧಾನಕ್ಕೆ ನಡೆದರೆ ಜಗಳ ಬೇಡ. ಮೆಣಸಿನಕಾಯಿ ಹೊಗೆ ಮಾತ್ರ ಮಗುವಿನ ಹತ್ತಿರ ಬೇಡ. ಬರೆ ಹಾಕಿಸುವುದಕ್ಕೆ, ಮಗುವನ್ನು ಕಟ್ಟಿಹಾಕುವುದಕ್ಕೆ ಯಾರೇ ಹೇಳಲಿ, ಒಪ್ಪಬೇಡಿ. ಅಜ್ಜಿಗೆ ಉಪದೇಶ ಮಾಡುವುದಕ್ಕಿಂತ ಕೆಲಸ ಕೊಡಿ. ಕಾರ್ಡ್ ಬದಲಿಸುವ ಜವಾಬ್ದಾರಿ ಅವರದಾದರೆ, ಇಡೀ ಮನೆ ಆ ಸಾಲನ್ನು ಪಾಲಿಸುವಂತೆ ಅವರೇ ನೋಡಿಕೊಳ್ಳುತ್ತಾರೆ.

ಅಂಗನವಾಡಿ, ಶಾಲೆ

ಶಿಕ್ಷಕರಿಗೆ ಒಂದೇ ಪುಟ ಬರೆದುಕೊಡಿ: ಯಾವುದಕ್ಕೆ ಅಂಜುತ್ತದೆ, ಅಂಜಿದಾಗ ಹೇಗೆ ಕಾಣುತ್ತದೆ, ಏನು ಮಾಡಿದರೆ ತಣ್ಣಗಾಗುತ್ತದೆ, ಏನು ಮಾಡಬಾರದು. ಗಂಟೆ ಬಾರಿಸುವ ಜಾಗದಿಂದ ದೂರ ಕೂಡಿಸಲು, ಪ್ರಾರ್ಥನೆಯ ಹೊತ್ತಿನಲ್ಲಿ ಸಾಲಿನ ಕೊನೆಗೆ ನಿಲ್ಲಿಸಲು ಕೇಳಿ. ಶಾಲೆ ಆರಂಭವಾಗುವುದಕ್ಕೆ ಹಿಂದಿನ ವಾರ ಖಾಲಿ ತರಗತಿಯನ್ನು ತೋರಿಸಿ ಬನ್ನಿ. ಸರ್ಕಾರಿ ಶಾಲೆಯಾದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಅವರನ್ನು ವಿಚಾರಿಸಿ.

ಯಾವಾಗ, ಎಲ್ಲಿ ತೋರಿಸಬೇಕು

ಅಂಜಿಕೆಯಿಂದ ಊಟ, ನಿದ್ದೆ ಅಥವಾ ಶಾಲೆ ನಿಂತಿದ್ದರೆ, ಮಗು ತನಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ಕಲಿತದ್ದನ್ನು ಕಳೆದುಕೊಳ್ಳುತ್ತಿದ್ದರೆ ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಆ ತಂಡದವರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಇವೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಹೆಸರು ಎಲ್ಲರಿಗೂ ಗೊತ್ತು. ಅವೆರಡಕ್ಕಿಂತ ನಮಗೆ ಹತ್ತಿರದ್ದು ಸಿಕಂದರಾಬಾದಿನ ಮನೋವಿಕಾಸನಗರದಲ್ಲಿರುವ, ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಇರುವ ಎನ್‌ಐಇಪಿಐಡಿ ರಾಷ್ಟ್ರೀಯ ಸಂಸ್ಥೆ.

ಚಿಕ್ಕ ಮಕ್ಕಳ ಅಂಜಿಕೆಗೆ ಔಷಧ ಮೊದಲ ಹೆಜ್ಜೆಯಲ್ಲ. ಬೇಕೋ ಬೇಡವೋ ಎಂದು ಮಕ್ಕಳ ವೈದ್ಯರು ಅಥವಾ ಮನೋವೈದ್ಯರು ನಿರ್ಧರಿಸಬೇಕು. ಅಂಗಡಿಯಿಂದ ನಿದ್ದೆಯ ಸಿರಪ್ ತಂದು ಕುಡಿಸಬೇಡಿ. ಆಟಿಸಂ ಪೂರ್ತಿ ವಾಸಿ ಮಾಡುತ್ತೇವೆಂದು ಸ್ಟೆಮ್ ಸೆಲ್ ಚುಚ್ಚುಮದ್ದಿಗೆ ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ, ಅದು ಆಟಿಸಂಗೆ ಒಪ್ಪಿತ ಚಿಕಿತ್ಸೆಯಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಪ್ರತಿ ವರ್ಷ ನವೀಕರಿಸಬೇಕು. ಹಣ ಕಟ್ಟಿದ ರಸೀದಿಗಳನ್ನೂ ವೈದ್ಯರ ಚೀಟಿಗಳನ್ನೂ ಒಂದೇ ಫೈಲಿನಲ್ಲಿಡಿ.

ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಮಗುವಿನ ಸಲುವಾಗಿ ಮಾತ್ರವಲ್ಲ, ನಿದ್ದೆಯಿಲ್ಲದೆ ಸೋತ ಅವ್ವ, ಅಪ್ಪ ತಮ್ಮ ಸಲುವಾಗಿಯೂ ಕರೆ ಮಾಡಬಹುದು.